ಓದುಗರ ಪ್ರಶ್ನೆ–ಉತ್ತರ: ನಾಪಾ ಕಣಿವೆಯ ವೈನ್ ಮನೆತನಗಳು

ಹೋದ ಸಂಚಿಕೆಯಲ್ಲಿ ಕ್ಯಾಲಿಫೋರ್ನಿಯಾದ ನಾಪಾ ಕಣಿವೆ ಬಗ್ಗೆ ಒಬ್ಬರು ಕೇಳಿದ್ದ ಪ್ರಶ್ನೆಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರ, ಮೆಸೇಜು ನೋಡಿದ್ಮೇಲೆ ಈ ಸಲದ ಅಂಕಣ ಪೂರ್ತಿ ಅದಕ್ಕೇ ಕೊಡೋದು ಅಂತ ತೀರ್ಮಾನ ಮಾಡ್ದೆ. ವೈನ್ ರುಚಿ ಬಗ್ಗೆ ಕೇಳಿದವರು ಕಡಿಮೆ, ಅಲ್ಲಿನ ಜನ, ಜಮೀನು, ಜಗಳ ಬಗ್ಗೆ ಕೇಳಿದವರೇ ಜಾಸ್ತಿ, ನನಗೂ ಇಷ್ಟವಾದ ವಿಷಯ ಅದೇ.

ಪ್ರಶ್ನೆ (ಶಿವಮೊಗ್ಗದಿಂದ): ಮಗ ಸ್ಯಾನ್ ಹೋಸೆಯಲ್ಲಿದ್ದಾನೆ, ಹೋದ ವರ್ಷ ನಮ್ಮನ್ನ ನಾಪಾಗೆ ಕರ್ಕೊಂಡು ಹೋಗಿದ್ದ. ಎಲ್ಲಿ ನೋಡಿದ್ರೂ ಅರಮನೆ ಥರದ ಕಲ್ಲಿನ ಕಟ್ಟಡಗಳು, ಒಂದೊಂದರ ಮೇಲೂ ಒಂದೊಂದು ಮನೆತನದ ಹೆಸರು. ಇವರೆಲ್ಲ ಯುರೋಪಿನ ಹಳೇ ಜಮೀನ್ದಾರರ ವಂಶದವರಾ?

ಇಲ್ಲ ಸರ್, ಹೆಚ್ಚುಕಮ್ಮಿ ಯಾರೂ ಅಲ್ಲ. ಆ ಕಟ್ಟಡ ನೋಡಿದ್ರೆ ಹಾಗನಿಸೋದು ಸಹಜ. ಆದ್ರೆ ಕಟ್ಟಿಸಿದವರಲ್ಲಿ ಮುಕ್ಕಾಲು ಪಾಲು ಜನ ಊರು ಬಿಟ್ಟು ಹೊಟ್ಟೆಪಾಡಿಗೆ ಬಂದವರು.

ಮೊದಲಿಂದ ಹೇಳ್ತೀನಿ. ಕಣಿವೆ ಅಂದ್ರೆ ಉದ್ದಕ್ಕೆ ಸುಮಾರು 50 ಕಿಲೋಮೀಟರ್, ಅಗಲ ತೀರಾ ಕಡಿಮೆ, ಎರಡೂ ಕಡೆ ಬೆಟ್ಟ. ಅಲ್ಲಿ ಸಾವಿರಾರು ವರ್ಷದಿಂದ ಇದ್ದವರು ವಾಪ್ಪೊ ಅನ್ನೋ ಮೂಲನಿವಾಸಿಗಳು. ಸ್ಪೇನಿನವರು, ಆಮೇಲೆ ಮೆಕ್ಸಿಕೋ ಸರ್ಕಾರ, ಆಮೇಲೆ ಅಮೆರಿಕದವರು ಬಂದ ಹಾಗೆ ಅವರ ನೆಲ ಹೋಯ್ತು, ಸಿಡುಬು ಬಂದು ಊರೂರೇ ಖಾಲಿಯಾಯ್ತು. ಈ ಮಾತು ಯಾವ ಟೇಸ್ಟಿಂಗ್ ರೂಮಿನಲ್ಲೂ ಅಷ್ಟಾಗಿ ಹೇಳಲ್ಲ, ಅದಕ್ಕೇ ಇಲ್ಲಿ ಮೊದಲೇ ಹೇಳ್ಬಿಟ್ಟೆ.

1836ರಲ್ಲಿ ಜಾರ್ಜ್ ಯೌಂಟ್ ಅನ್ನೋ ಬೇಟೆಗಾರನಿಗೆ ಮೆಕ್ಸಿಕೋ ಸರ್ಕಾರ ಕಣಿವೆ ಮಧ್ಯದಲ್ಲಿ ದೊಡ್ಡ ಜಹಗೀರು ಕೊಡ್ತು, ಅಲ್ಲಿ ಮೊದಲು ದ್ರಾಕ್ಷಿ ಬಳ್ಳಿ ನೆಟ್ಟವನು ಅವನೇ ಅಂತಾರೆ, ಯೌಂಟ್‌ವಿಲ್ ಊರು ಅವನ ಹೆಸರಿಂದಲೇ ಬಂದಿದ್ದು. ಅದೇ ಕಾಲಕ್ಕೆ ಎಡ್ವರ್ಡ್ ಬೇಲ್ ಅನ್ನೋ ಇಂಗ್ಲೆಂಡಿನ ಡಾಕ್ಟ್ರು ಮೆಕ್ಸಿಕೋ ಸೇನಾಪತಿ ವಯೇಹೋ ಅವರ ಸಂಬಂಧಿಕರ ಹುಡುಗಿನ ಮದುವೆಯಾಗಿ ಇನ್ನೊಂದು ಜಹಗೀರು ಪಡೆದ. ಅವನ ಮಗಳು ಕ್ಯಾರೊಲಿನ್. ಅವಳನ್ನ 1860ರಲ್ಲಿ ಮದುವೆಯಾದವನು ಚಾರ್ಲ್ಸ್ ಕ್ರುಗ್, ಜರ್ಮನಿಯ ಪ್ರಷ್ಯಾದಿಂದ ಬಂದವನು, ಒಂದಷ್ಟು ದಿನ ಪತ್ರಿಕೆ ಕೆಲಸ ಮಾಡಿದ್ದವನು. ಹೆಂಡತಿ ಕಡೆಯಿಂದ ಬಂದ ಜಮೀನಲ್ಲಿ 1861ರಲ್ಲಿ ವೈನರಿ ಶುರು ಮಾಡ್ದ. ಕಣಿವೆಯ ಮೊದಲ ದೊಡ್ಡ ವೈನರಿ ನಿಂತಿದ್ದು ಹೆಣ್ಣುಮಗಳ ಆಸ್ತಿ ಮೇಲೆ, ಬೋರ್ಡಿನ ಮೇಲೆ ಬಂದಿದ್ದು ಗಂಡನ ಹೆಸರು.

ಕ್ರುಗ್ ಹತ್ರ ನೆಲಮಾಳಿಗೆ ನೋಡ್ಕೊಳ್ತಿದ್ದ ಜೇಕಬ್ ಬೆರಿಂಜರ್ ಅಣ್ಣ ಫ್ರೆಡ್ರಿಕ್ ಜೊತೆ ಸೇರಿ 1876ರಲ್ಲಿ ತನ್ನದೇ ವೈನರಿ ಮಾಡ್ದ. ಜೇಕಬ್ ಶ್ರಾಮ್ ಅಂತ ಇನ್ನೊಬ್ಬ, ಅವನೂ ಜರ್ಮನಿಯವನೇ, ಕ್ಷೌರದ ಕೆಲಸ ಮಾಡ್ಕೊಂಡೇ ಬೆಟ್ಟದ ಮೇಲೆ ಜಮೀನು ತಗೊಂಡು 1862ರಲ್ಲಿ ಶ್ರಾಮ್ಸ್‌ಬರ್ಗ್ ಕಟ್ಟಿದ. ಇವರ ನಡುವೆ ನಿಜಕ್ಕೂ ದುಡ್ಡಿದ್ದವನು ಅಂದ್ರೆ ಗುಸ್ತಾವ್ ನೀಬಾಮ್, ಫಿನ್‌ಲ್ಯಾಂಡಿನ ಹಡಗು ಕ್ಯಾಪ್ಟನ್, ಅಲಾಸ್ಕಾದ ತುಪ್ಪಳ ವ್ಯಾಪಾರದಲ್ಲಿ ಸಂಪಾದನೆ ಮಾಡಿ 1879ರಲ್ಲಿ ಇಂಗ್ಲ್‌ನುಕ್ ಅನ್ನೋ ಎಸ್ಟೇಟ್ ತಗೊಂಡ. ನೀವು ನೋಡಿರೋ ಅರಮನೆಗಳಲ್ಲಿ ಅದೂ ಒಂದಿರಬೇಕು.

ಇನ್ನು ಆ ತಂಪಾದ ಸುರಂಗಗಳು. ಬೆರಿಂಜರ್ ಮತ್ತೆ ಶ್ರಾಮ್ಸ್‌ಬರ್ಗ್‌ನಲ್ಲಿ ಬ್ಯಾರೆಲ್ ಇಡೋಕೆ ಬೆಟ್ಟ ಕೊರೆದಿರೋದು ಚೀನಾದ ಕೂಲಿಗಳು, ಗುದ್ದಲಿ ಪಿಕಾಸಿಯಲ್ಲಿ, ಕೈಯಲ್ಲೇ. ದೀಪ ಹಿಡಿದು ಗೋಡೆ ಹತ್ರ ನಿಂತ್ರೆ ಆ ಪಿಕಾಸಿ ಗುರುತು ಸಾಲಾಗಿ ಕಾಣುತ್ತೆ. ಬಳ್ಳಿ ನೆಟ್ಟವರು, ಹಣ್ಣು ಕೊಯ್ದವರು, ಕಲ್ಲಿನ ಗೋಡೆ ಕಟ್ಟಿದವರಲ್ಲೂ ಅವರು ತುಂಬಾ ಜನ. ನಾಪಾ, ಸೇಂಟ್ ಹೆಲೆನಾ ಎರಡೂ ಊರಲ್ಲಿ ಚೀನೀ ಕೇರಿ ಇತ್ತು. 1882ರಲ್ಲಿ ಚೀನಾದವರು ಅಮೆರಿಕಕ್ಕೆ ಬರೋದನ್ನೇ ತಡೆಯೋ ಕಾನೂನು ಬಂತು, ಊರಿನವರೂ ಅವರನ್ನ ಓಡಿಸೋಕೆ ಸಭೆ ಮೇಲೆ ಸಭೆ ಮಾಡಿದ್ರು, ಕ್ರಮೇಣ ಆ ಕೆಲಸಕ್ಕೆ ಇಟಲಿಯವರು ಬಂದ್ರು. ಚೀನೀ ಕೇರಿಗಳು ಹೋದ್ವು, ಸುರಂಗ ಈಗಲೂ ಇದೆ, ಟಿಕೆಟ್ ಕೊಟ್ಟು ನೋಡ್ತೀವಿ.

ಪ್ರಶ್ನೆ (ಮಂಗಳೂರಿನಿಂದ): ಅಮೆರಿಕದಲ್ಲೂ ಪಾನನಿಷೇಧ ಇತ್ತಲ್ವಾ? ಆಗ ಈ ದ್ರಾಕ್ಷಿ ಬೆಳೆಗಾರರು ಏನ್ ಮಾಡಿದ್ರು?

1920ರಿಂದ 1933ರವರೆಗೆ ಇತ್ತು. ಅದಕ್ಕೂ ಮೊದಲೇ ಫಿಲಾಕ್ಸೆರಾ ಅಂತ ಬೇರು ತಿನ್ನೋ ಹುಳ ಬಂದು ತೋಟಗಳು ಅರ್ಧಕ್ಕರ್ಧ ಸತ್ತಿದ್ವು. 1889ರ ಹೊತ್ತಿಗೆ 140ಕ್ಕೂ ಹೆಚ್ಚು ವೈನರಿ ಇದ್ದ ಜಾಗ ಅದು. ಅದರ ಮೇಲೆ ಈ ಕಾನೂನು ಬಿತ್ತು.

ಆದ್ರೆ ಕಾನೂನಲ್ಲಿ ಎರಡು ಕಿಂಡಿ ಇತ್ತು. ಒಂದು, ಚರ್ಚಿನ ಪೂಜೆಗೆ ಬೇಕಾದ ವೈನ್ ಮಾಡಬಹುದಿತ್ತು. ರುದರ್‌ಫೋರ್ಡ್‌ನಲ್ಲಿ ಬ್ಯೂಲ್ಯೂ ವೈನರಿ ಇಟ್ಟಿದ್ದ ಜಾರ್ಜ್ ದ ಲಾತೂರ್ ಅನ್ನೋ ಫ್ರಾನ್ಸಿನವರಿಗೆ ಸ್ಯಾನ್ ಫ್ರಾನ್ಸಿಸ್ಕೋ ಧರ್ಮಪ್ರಾಂತ್ಯದ ಪರಿಚಯ ಚೆನ್ನಾಗಿತ್ತು, ಬೇರೆಯವರು ಬಾಗಿಲು ಹಾಕ್ತಿದ್ದಾಗ ಅವರ ವ್ಯಾಪಾರ ಬೆಳೀತು. ಎರಡನೇದು, ಮನೆ ಖರ್ಚಿಗೆ ಅಂತ ಒಂದು ಮನೆಯವರು ವರ್ಷಕ್ಕೆ 200 ಗ್ಯಾಲನ್, ಅಂದ್ರೆ ಹತ್ತಿರಹತ್ತಿರ 750 ಲೀಟರ್, ಹಣ್ಣಿನ ರಸ ಮಾಡ್ಕೋಬಹುದಿತ್ತು. ರಸ ಇಟ್ರೆ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು! ಶಿಕಾಗೋ, ನ್ಯೂಯಾರ್ಕ್‌ನಲ್ಲಿದ್ದ ಇಟಲಿಯವರು ರೈಲಲ್ಲಿ ಬಂದ ದ್ರಾಕ್ಷಿನ ಪೆಟ್ಟಿಗೆಗಟ್ಟಲೆ ಕೊಂಡ್ಕೊಳ್ತಿದ್ರು. ಹಾಗಾಗಿ ಬೆಳೆಗಾರರು ಒಳ್ಳೆ ವೈನ್ ಆಗೋ ತೆಳು ಸಿಪ್ಪೆಯ ತಳಿ ಕಿತ್ತು, ದೂರ ಕಳಿಸಿದ್ರೂ ಕೆಡದ ದಪ್ಪ ಸಿಪ್ಪೆಯ ಅಲಿಕಾಂತೆ ಥರದ ತಳಿ ಹಾಕಿದ್ರು. ನಿಷೇಧ ಹೋದ್ಮೇಲೂ ದಶಕಗಟ್ಟಲೆ ಕಣಿವೆಯ ವೈನ್ ಸುಧಾರಿಸದೇ ಇರೋದಕ್ಕೆ ಇದೂ ದೊಡ್ಡ ಕಾರಣ. 1960ರ ಹೊತ್ತಿಗೆ ಅಲ್ಲಿ ಉಳಿದಿದ್ದು ಇಪ್ಪತ್ತೈದು ಚಿಲ್ಲರೆ ವೈನರಿ, ಮಿಕ್ಕ ಜಾಗದಲ್ಲೆಲ್ಲ ಪ್ರೂನ್ ಹಣ್ಣು, ಆಕ್ರೋಟು, ದನದ ಹುಲ್ಲುಗಾವಲು.

ಪ್ರಶ್ನೆ (ಹುಬ್ಬಳ್ಳಿಯಿಂದ): ಮೊಂಡಾವಿ ಅಣ್ಣತಮ್ಮಂದಿರು ಒಂದು ಕೋಟಿನ ವಿಷಯಕ್ಕೆ ಹೊಡೆದಾಡಿ ಮನೆ ಮುರಿದುಕೊಂಡ್ರಂತೆ, ಖರೇನಾ? ನಮ್ಮ ಮನೆಯಾಗೂ ಪಾಲಿನ ಕೇಸು ನಡದೈತಿ, ಅದಕ್ಕ ಕೇಳಿದೆ.

ಖರೇನೇ. ಆದ್ರೆ ಕೋಟು ನೆಪ ಅಷ್ಟೇ, ನಿಮಗಿದು ಬಿಡಿಸಿ ಹೇಳೋ ಅಗತ್ಯ ಇರಲಾರದು.

ತಂದೆ ಚೇಸರೆ ಮೊಂಡಾವಿ ಇಟಲಿಯ ಮಾರ್ಕೆ ಸೀಮೆಯ ಬಡ ರೈತ, ಅಮೆರಿಕಕ್ಕೆ ಬಂದು ಮಿನೆಸೋಟಾದ ಕಬ್ಬಿಣದ ಗಣಿ ಊರಲ್ಲಿ ನೆಲೆಯಾದ. ತಾಯಿ ರೋಸಾ ಮನೆಯಲ್ಲೇ ಗಣಿ ಕೆಲಸದವರಿಗೆ ಊಟ ಹಾಕಿ, ಇರೋಕೆ ಜಾಗ ಕೊಟ್ಟು ಸಂಸಾರ ತೂಗಿಸ್ತಿದ್ಲು. ಪಾನನಿಷೇಧ ಬಂದಾಗ ಅಲ್ಲಿನ ಇಟಲಿ ಸಂಘದವರು, ಕ್ಯಾಲಿಫೋರ್ನಿಯಾಗೆ ಹೋಗಿ ನಮಗೆಲ್ಲ ದ್ರಾಕ್ಷಿ ಆರಿಸಿ ಕಳ್ಸು ಅಂತ ಚೇಸರೆನ ಕಳಿಸಿದ್ರು. ಅವನಿಗೆ ಅಲ್ಲಿನ ಬಿಸಿಲು, ನೆಲ ಹಿಡಿಸ್ತು, 1920ರ ದಶಕದಲ್ಲಿ ಸಂಸಾರ ಸಮೇತ ಲೋಡೈಗೆ ಬಂದು ದ್ರಾಕ್ಷಿ ಸಾಗಿಸೋ ವ್ಯಾಪಾರ ಹಿಡಿದ. ಇಬ್ಬರು ಹೆಣ್ಣು, ಇಬ್ಬರು ಗಂಡು ಮಕ್ಕಳು. ಹಿರಿಯವನು ರಾಬರ್ಟ್ 1913ರಲ್ಲಿ, ಪೀಟರ್ ಮರುವರ್ಷ ಹುಟ್ಟಿದವನು, ರಜೆಯಲ್ಲಿ ಇಬ್ಬರೂ ದ್ರಾಕ್ಷಿ ಪೆಟ್ಟಿಗೆಗೆ ಮೊಳೆ ಹೊಡೀತಿದ್ರು, ಇಬ್ಬರೂ ಸ್ಟ್ಯಾನ್‌ಫರ್ಡ್‌ನಲ್ಲಿ ಓದಿದ್ರು.

1943ರಲ್ಲಿ ಕ್ರುಗ್ ವೈನರಿ ಮಾರಾಟಕ್ಕೆ ಬಂತು, ಅದೇ ಮೇಲೆ ಹೇಳಿದ ಹೆಂಡತಿ ಕಡೆಯ ಜಮೀನು. 75,000 ಡಾಲರ್‌ಗೆ ಚೇಸರೆ ತಗೊಂಡ. ರಾಬರ್ಟ್ ಮಾರಾಟ, ಪ್ರಚಾರ, ಓಡಾಟ, ಪೀಟರ್ ಒಳಗಿನ ಕೆಲಸ, ಬಿಳಿ ವೈನನ್ನ ತಂಪಲ್ಲಿಟ್ಟು ನಿಧಾನ ಹುದುಗಿಸೋದ್ರಲ್ಲಿ ಅವನು ಗಟ್ಟಿಗ. ಒಬ್ಬನಿಗೆ ಜಗತ್ತೇ ಬೇಕು, ಇನ್ನೊಬ್ಬನಿಗೆ ಲೆಕ್ಕ ಸರಿ ಇರಬೇಕು. ತಂದೆ ಇರೋವರೆಗೂ ಹೇಗೋ ನಡೀತು, 1959ರಲ್ಲಿ ಅವರು ಹೋದ್ಮೇಲೆ ನಡುವೆ ನಿಂತು ಹೇಳೋರು ಯಾರೂ ಇಲ್ಲ.

ರಾಬರ್ಟ್‌ಗೆ ಹೆಂಡತಿ ಜೊತೆ ವೈಟ್ ಹೌಸಿನ ಔತಣಕ್ಕೆ ಕರೆ ಬಂದಿತ್ತು. ಹೆಂಡತಿಗೆ ಮಿಂಕ್ ಅನ್ನೋ ಪ್ರಾಣಿಯ ತುಪ್ಪಳದ ದುಬಾರಿ ಕೋಟು ಕೊಡಿಸಿದ. ಆ ಕೋಟು ಮನೆಯವರ ಕಣ್ಣಲ್ಲಿ ಉಳಿದುಹೋಯ್ತು. 1965ರ ಕೊನೆಗೆ ಮನೆಮಂದಿ ಸೇರಿದ್ದಾಗ ತಮ್ಮ, ಕೋಟಿಗೆ ದುಡ್ಡು ಕಂಪನಿಯಿಂದ ಹೋಯ್ತಾ ಅನ್ನೋ ಅರ್ಥದಲ್ಲಿ ಮಾತಾಡಿದ, ಮಾತಿಗೆ ಮಾತು ಬೆಳೀತು, ಅಣ್ಣ ಕೈ ಮಾಡ್ಬಿಟ್ಟ. ಇಬ್ಬರೂ ಐವತ್ತು ದಾಟಿದವರು! ತಾಯಿ ಕಿರಿಯವನ ಪಕ್ಕ ನಿಂತಳು, ರಾಬರ್ಟ್‌ನ ಕೆಲಸದಿಂದ ದೂರ ಇಟ್ರು, ಅವನ ಹಿರಿ ಮಗ ಮೈಕಲ್‌ಗೂ ಕಂಪನಿಯಲ್ಲಿ ಸದ್ಯ ಜಾಗ ಇಲ್ಲ ಅಂದ್ರು. 1966ರಲ್ಲಿ ರಾಬರ್ಟ್ ಸಾಲ ಸೋಲ ಮಾಡಿ, ಪಾಲುದಾರರನ್ನ ಹುಡುಕಿ, ಓಕ್‌ವಿಲ್‌ನಲ್ಲಿ ತನ್ನದೇ ಹೆಸರಲ್ಲಿ ವೈನರಿ ಕಟ್ಟಿದ. ಕ್ರುಗ್‌ನಲ್ಲಿದ್ದ ಪಾಲಿನ ಕೇಸು ವರ್ಷಗಟ್ಟಲೆ ಎಳೀತು, 1976ರಲ್ಲಿ ತೀರ್ಪು ರಾಬರ್ಟ್ ಕಡೆ ಆಯ್ತು, ತಾಯಿ ರೋಸಾ ತೀರಿಕೊಂಡಿದ್ದೂ ಅದೇ ವರ್ಷ. ಕೊನೆಗೆ ಕ್ರುಗ್ ಪೀಟರ್ ಕೈಯಲ್ಲೇ ಉಳೀತು, ಆದ್ರೆ ಅಣ್ಣನಿಗೆ ಕೊಡಬೇಕಾದ್ದು ಕೊಡೋಕೆ ಅವನು ತುಂಬಾ ಹೆಣಗಬೇಕಾಯ್ತು.

ಮುಂದಿನದನ್ನೂ ಕೇಳಿ, ನಿಮ್ಮ ಮನೆ ಕೇಸಿಗೆ ಇದೇ ಮುಖ್ಯ ಅಂತ ನನಗನಿಸುತ್ತೆ. ರಾಬರ್ಟ್ ಭಾರೀ ಬೆಳೆದ, 1979ರಲ್ಲಿ ಫ್ರಾನ್ಸಿನ ರಾತ್‌ಶೀಲ್ಡ್ ಮನೆತನದ ಜೊತೆ ಓಪಸ್ ಒನ್ ಅನ್ನೋ ವೈನರಿ ಶುರು ಮಾಡಿದ, 1993ರಲ್ಲಿ ಕಂಪನಿಯನ್ನ ಷೇರು ಮಾರ್ಕೆಟ್ಟಿಗೆ ತಂದ, ವಿಶ್ವವಿದ್ಯಾಲಯಕ್ಕೆ ಕೋಟಿಗಟ್ಟಲೆ ದಾನ ಕೊಟ್ಟ. ಅವನ ಗಂಡುಮಕ್ಕಳಾದ ಮೈಕಲ್, ಟಿಮ್ ನಡುವೆಯೂ ಹೊಂದಾಣಿಕೆ ಆಗಲಿಲ್ಲ, ಕೊನೆಗೆ 2004ರಲ್ಲಿ ಕಂಪನಿ ನೂರು ಕೋಟಿ ಡಾಲರ್‌ಗೂ ಜಾಸ್ತಿ ಬೆಲೆಗೆ ಕಾನ್‌ಸ್ಟಲೇಶನ್ ಅನ್ನೋ ದೊಡ್ಡ ಮದ್ಯದ ಕಂಪನಿ ಪಾಲಾಯ್ತು. ಬಾಟಲ್ ಮೇಲೆ ಅವನ ಹೆಸರಿದೆ, ಮನೆಯವರಿಗೆ ಅದರಲ್ಲಿ ಹಕ್ಕಿಲ್ಲ. ಕೇಸಲ್ಲಿ ಸೋತ ಪೀಟರ್ ಇದ್ದಾನಲ್ಲ, ಅವನ ಮಕ್ಕಳ ಕೈಯಲ್ಲಿ ಕ್ರುಗ್ ಉಳ್ಕೊಂಡು ಬಂತು. 2005ರಲ್ಲಿ ಇಬ್ಬರು ಮುದುಕರೂ ಸೇರಿ, ಎರಡೂ ಮನೆಯ ದ್ರಾಕ್ಷಿ ಹಾಕಿ ಒಂದೇ ಒಂದು ಬ್ಯಾರೆಲ್ ವೈನ್ ಮಾಡಿದ್ರು, ಕಣಿವೆಯ ದತ್ತಿ ಹರಾಜಿನಲ್ಲಿ ಅದು 4,01,000 ಡಾಲರ್‌ಗೆ ಹೋಯ್ತು. ರಾಬರ್ಟ್ 2008ರಲ್ಲಿ 94ನೇ ವಯಸ್ಸಿಗೆ ಹೋದ, ಪೀಟರ್ 2016ರಲ್ಲಿ 101ನೇ ವಯಸ್ಸಿಗೆ. ಜೊತೆಗೆ ಕೂತು ವೈನ್ ಮಾಡೋಕೆ ಅವರಿಗೆ ನಲವತ್ತು ವರ್ಷ ಬೇಕಾಯ್ತು. ನಿಮ್ಮ ಕೇಸಿನ ವಿವರ ನನಗೆ ಗೊತ್ತಿಲ್ಲ ಸರ್, ಆದ್ರೆ ತಾಯಿ ಇದ್ದಾಗಲೇ ಒಮ್ಮೆ ಎಲ್ಲರೂ ಕೂತು ಮಾತಾಡಿ, ವಕೀಲರನ್ನ ಹೊರಗೆ ಕೂರಿಸಿ.

ಪ್ರಶ್ನೆ (ಮೈಸೂರಿನಿಂದ): ಹೆಣ್ಣುಮಕ್ಕಳ ಹೆಸರಲ್ಲಿ ಒಂದು ವೈನರಿನೂ ಇರಲಿಲ್ವಾ?

ಇತ್ತು ಮೇಡಂ. ಜೋಸೆಫಿನ್ ಟಿಕ್ಸನ್ ಅಂತ, ಸೇಂಟ್ ಹೆಲೆನಾ ಹತ್ರ. ಗಂಡ ತೀರಿಹೋದ್ಮೇಲೆ ಮಕ್ಕಳನ್ನ ಕಟ್ಕೊಂಡು, ಊರಿಗೆ ವಾಪಸ್ ಹೋಗದೆ, 1886ರಲ್ಲಿ ತಾನೇ ಮುಂದೆ ನಿಂತು ವೈನರಿ ಕಟ್ಟಿಸಿದಳು, ಆ ಕಣಿವೆಯಲ್ಲಿ ವೈನರಿ ಕಟ್ಟಿಸಿದ ಮೊದಲ ಹೆಂಗಸು ಅಂತ ದಾಖಲೆ ಇದೆ. ಫಿಲಾಕ್ಸೆರಾ ಹುಳದ ಕಾಟದಲ್ಲಿ ಮಾರಬೇಕಾಯ್ತು, ಆ ಜಾಗ ಈಗ ಫ್ರೀಮಾರ್ಕ್ ಆಬಿ.

ಪ್ರಶ್ನೆ (ಬೆಂಗಳೂರಿನಿಂದ): 1976ರ ಪ್ಯಾರಿಸ್ ಸ್ಪರ್ಧೆಯಲ್ಲಿ ನಾಪಾ ಗೆದ್ದಿದ್ದು ಅದೃಷ್ಟನಾ?

ಮೇ 24, 1976. ಪ್ಯಾರಿಸ್‌ನಲ್ಲಿ ವೈನ್ ಅಂಗಡಿ ಇಟ್ಟಿದ್ದ ಇಂಗ್ಲಿಷಿನವ ಸ್ಟೀವನ್ ಸ್ಪರಿಯರ್ ಫ್ರಾನ್ಸ್, ಕ್ಯಾಲಿಫೋರ್ನಿಯಾ ಎರಡೂ ಕಡೆಯ ವೈನನ್ನ ಹೆಸರು ಮುಚ್ಚಿಟ್ಟು ರುಚಿ ನೋಡಿಸಿದ, ಒಂಬತ್ತು ಜನ ಫ್ರೆಂಚ್ ತೀರ್ಪುಗಾರರು, ಗೆದ್ದಿದ್ದು ಕೆಂಪಲ್ಲಿ ಸ್ಟ್ಯಾಗ್ಸ್ ಲೀಪ್, ಬಿಳಿಯಲ್ಲಿ ಶಾತೋ ಮೊಂಟೆಲೀನಾ, ಎರಡೂ 1973ರದ್ದು, ಎರಡೂ ನಾಪಾದ್ದು. ಇದು ಬಹಳ ಕಡೆ ಬಂದಿರೋ ಕಥೆ, ಹೆಚ್ಚು ಬೆಳೆಸಲ್ಲ.

ಅದೃಷ್ಟ ಅನ್ನೋದನ್ನ ನಾನು ಒಪ್ಪಲ್ಲ. ಸ್ಟ್ಯಾಗ್ಸ್ ಲೀಪ್‌ನ ವಾರೆನ್ ವಿನಿಯಾರ್ಸ್ಕಿ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡ್ತಿದ್ದವರು, ಅದನ್ನ ಬಿಟ್ಟು 1964ರಲ್ಲಿ ಹೆಂಡತಿ ಮಕ್ಕಳನ್ನ ಕರ್ಕೊಂಡು ಬಂದು ವೈನರಿಯಲ್ಲಿ ಕೈಕೆಲಸಕ್ಕೆ ಸೇರಿದ್ರು. ಮೊಂಟೆಲೀನಾದಲ್ಲಿ ವೈನ್ ಮಾಡಿದ ಮೈಕ್ ಗ್ರ್ಗಿಚ್ ಕ್ರೊಯೇಷಿಯಾದ ಹಳ್ಳಿಯವರು, ಕಮ್ಯುನಿಸ್ಟ್ ಆಡಳಿತದಿಂದ ತಪ್ಪಿಸ್ಕೊಂಡು 1958ರಲ್ಲಿ ನಾಪಾಗೆ ಬಂದವರು. ಗ್ರ್ಗಿಚ್ ಬ್ಯೂಲ್ಯೂನಲ್ಲಿ ರಷ್ಯಾದಿಂದ ಬಂದ ಆಂಡ್ರೆ ಚೆಲಿಷೆಫ್ ಕೈಕೆಳಗೆ ಪಳಗಿದ್ರು, ಆಮೇಲೆ ಇವರಿಬ್ಬರೂ ಬೇರೆ ಬೇರೆ ಟೈಮಲ್ಲಿ ರಾಬರ್ಟ್ ಮೊಂಡಾವಿ ಹತ್ರ ಕೆಲಸ ಮಾಡಿದವರು. ಕ್ರುಗ್ ಹತ್ರ ಬೆರಿಂಜರ್ ಕಲಿತ ಹಾಗೇ ಇದು. ಈ ಕಣಿವೆಯಲ್ಲಿ ವಿದ್ಯೆ ಹರಿದಿದ್ದು ರಕ್ತಸಂಬಂಧದಲ್ಲಿ ಕಡಿಮೆ, ಸಂಬಳಕ್ಕೆ ನಿಂತ ಹೊರಗಿನವರ ಮೂಲಕವೇ ಜಾಸ್ತಿ.

ಪ್ರಶ್ನೆ (ದೊಡ್ಡಬಳ್ಳಾಪುರದಿಂದ): ನಮ್ಮ ತಾತನ ಕಾಲದಿಂದ ಬೆಂಗಳೂರು ಬ್ಲೂ ದ್ರಾಕ್ಷಿ ತೋಟ ಇತ್ತು. ಸುತ್ತಮುತ್ತ ಎಲ್ಲ ಲೇಔಟ್ ಆಗಿದೆ, ನಾವೂ ಅರ್ಧ ಮಾರಿದ್ವಿ. ಸ್ಯಾನ್ ಫ್ರಾನ್ಸಿಸ್ಕೋ ಅಷ್ಟು ಹತ್ರ ಇದ್ದೂ ನಾಪಾ ಹೇಗೆ ಸೈಟು ಆಗದೆ ಉಳೀತು?

ಈ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ ಕಡೆಯ ಆ ಕಪ್ಪು ದ್ರಾಕ್ಷಿಗೆ ಜಿಐ ಟ್ಯಾಗ್ ಇದೆ, ಹೆಸರಿದೆ, ಆದ್ರೆ ತೋಟ ಇರೋ ನೆಲಕ್ಕೆ ಅಂಥ ಕಾವಲು ಇಲ್ಲ. ನಾಪಾ ಉಳಿದಿದ್ದು ಮನೆತನಗಳ ಒಳ್ಳೆತನದಿಂದ ಅಂತ ಅಲ್ಲಿನ ಬ್ರೋಷರ್‌ಗಳಲ್ಲಿ ಬರೀತಾರೆ, ನಾನು ಹೇಳೋದು ಕಾನೂನಿಂದ ಅಂತ.

1960ರ ದಶಕದಲ್ಲಿ ನಾಪಾದವರ ಕಣ್ಣೆದುರೇ ಒಂದು ಉದಾಹರಣೆ ಇತ್ತು, ಸ್ಯಾಂಟಾ ಕ್ಲಾರಾ ಕಣಿವೆ. ಈಗ ನಮ್ಮವರು ಸಾವಿರಾರು ಜನ ಇರೋ ಕ್ಯುಪರ್ಟಿನೋ, ಸನ್ನಿವೇಲ್, ಸ್ಯಾನ್ ಹೋಸೆ ಇದ್ಯಲ್ಲ, ಅದೆಲ್ಲ ಮೊದಲು ಪ್ರೂನ್, ಏಪ್ರಿಕಾಟ್, ಚೆರ್ರಿ ತೋಟ. ಹೂ ಬಿಟ್ಟಾಗ ನೋಡೋಕೆ ಜನ ದೂರದಿಂದ ಬರ್ತಿದ್ರು. ಎರಡನೇ ಮಹಾಯುದ್ಧ ಮುಗಿದ ಇಪ್ಪತ್ತು ವರ್ಷದಲ್ಲಿ ಅದು ಮನೆ, ರಸ್ತೆ, ಕಾರ್ಖಾನೆ ಆಯ್ತು. ತೋಟದ ಪಕ್ಕ ಲೇಔಟ್ ಬಂದ್ರೆ ತೆರಿಗೆ ಅಧಿಕಾರಿಗಳು ಜಮೀನಿಗೂ ಸೈಟಿನ ಲೆಕ್ಕದಲ್ಲೇ ಬೆಲೆ ಕಟ್ಟಿ ತೆರಿಗೆ ಹಾಕ್ತಿದ್ರು, ಬೆಳೆಯಲ್ಲಿ ಬರೋ ದುಡ್ಡು ತೆರಿಗೆಗೂ ಸಾಲ್ತಿರಲಿಲ್ಲ, ಮಾರಲೇಬೇಕು. ನಾಪಾದಲ್ಲೂ ಕಣಿವೆ ಉದ್ದಕ್ಕೂ ಹೈವೇ ಮಾಡೋ ಯೋಜನೆ ಟೇಬಲ್ ಮೇಲಿತ್ತು.

ಆಗ ಕೌಂಟಿ (ನಮ್ಮ ಜಿಲ್ಲೆ ಥರದ್ದು) ಆಡಳಿತದ ಕೆಲವರು, ಶ್ರಾಮ್ಸ್‌ಬರ್ಗ್ ಕೊಂಡಿದ್ದ ಜ್ಯಾಕ್ ಡೇವಿಸ್, ಇಂಗ್ಲ್‌ನುಕ್ ಮನೆತನದ ಜಾನ್ ಡೇನಿಯಲ್, ಲೂಯಿ ಮಾರ್ಟಿನಿ ಥರದ ಬೆಳೆಗಾರರು ಸೇರಿ ಒಂದು ಪ್ರಸ್ತಾಪ ತಂದ್ರು. ಕಣಿವೆಯ ತಳದ ಜಮೀನನ್ನ ಕೃಷಿಗೆ ಮೀಸಲು ಅಂತ ಘೋಷಿಸೋದು, ಒಂದು ಎಕರೆಗೆಲ್ಲ ತುಂಡು ಮಾಡಬಹುದಾಗಿದ್ದ ಕಡೆ ಇನ್ಮೇಲೆ 20 ಎಕರೆಗಿಂತ ಸಣ್ಣ ತುಂಡು ಮಾಡಂಗಿಲ್ಲ ಅನ್ನೋದು. ಊರೇ ಎರಡಾಯ್ತು. ವಿರೋಧ ಮಾಡಿದವರು ಕೆಟ್ಟವರೇನಲ್ಲ, ನಿಮ್ಮಂಥ ರೈತರೇ. ಮಕ್ಕಳಿಗೆ ಎರಡೆರಡು ಎಕರೆ ಪಾಲು ಮಾಡಿ ಕೊಡಬೇಕು, ವಯಸ್ಸಾದ ಕಾಲಕ್ಕೆ ಮಾರಿ ಉಣ್ಣೋಕೆ ಇರೋದು ಇದೊಂದೇ, ಅದಕ್ಕೂ ಸರ್ಕಾರ ಕೈ ಹಾಕಿದ್ರೆ ಹೇಗೆ ಅಂತ ಅವರ ವಾದ. ನ್ಯಾಯವಾದದ್ದೇ. ಪರ ಇದ್ದವರ ಜೊತೆ ಅಂಗಡಿಯಲ್ಲಿ ಸಿಕ್ಕರೂ ಮಾತಾಡದ ನೆರೆಹೊರೆ ಆಯ್ತು. 1968ರ ಏಪ್ರಿಲ್‌ನಲ್ಲಿ ಕಾನೂನು ಪಾಸಾಯ್ತು, ಅಮೆರಿಕದಲ್ಲೇ ಇಂಥ ಮೊದಲ ಕೃಷಿ ಮೀಸಲು ಪ್ರದೇಶ, ಶುರುವಿಗೆ ಸುಮಾರು 23,000 ಎಕರೆ. ಮುಂದೆ ತುಂಡಿನ ಮಿತಿ 40 ಎಕರೆಗೆ ಏರ್ತು, ಬೆಟ್ಟದ ಕಡೆ ಇನ್ನೂ ಜಾಸ್ತಿ.

ಮುಖ್ಯ ಹೆಜ್ಜೆ 1990ರದ್ದು. ಜನಮತದಲ್ಲಿ ‘ಮೆಷರ್ ಜೆ’ ಅಂತ ಒಂದು ಪಾಸಾಯ್ತು, ಅದರ ಪ್ರಕಾರ ಕೃಷಿ ಜಮೀನನ್ನ ಬೇರೆ ಬಳಕೆಗೆ ಬದಲಾಯಿಸಬೇಕಾದ್ರೆ ಆಡಳಿತ ಮಂಡಳಿಯ ಐದು ಜನ ಸಹಿ ಹಾಕಿದ್ರೆ ಸಾಲದು, ಕೌಂಟಿಯ ಮತದಾರರೇ ಓಟು ಹಾಕಿ ಒಪ್ಪಬೇಕು. ಕೇಸು ರಾಜ್ಯದ ಸುಪ್ರೀಂ ಕೋರ್ಟಿನವರೆಗೆ ಹೋಯ್ತು, 1995ರಲ್ಲಿ ಕೋರ್ಟ್ ಅದನ್ನ ಎತ್ತಿಹಿಡೀತು, 2008ರಲ್ಲಿ ಜನ ಇನ್ನೊಮ್ಮೆ ಓಟು ಹಾಕಿ 2058ರವರೆಗೆ ಮುಂದುವರಿಸಿದ್ರು. ನಮ್ಮಲ್ಲಿ ಭೂಪರಿವರ್ತನೆ ಆಗೋದು ಯಾವ ಟೇಬಲ್ಲಿನ ಮೇಲೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಆ ನಿರ್ಧಾರವನ್ನ ಟೇಬಲ್ಲಿಂದ ಎತ್ತಿ ಓಟಿನ ಪೆಟ್ಟಿಗೆಗೆ ಹಾಕಿದ್ದೇ ನಾಪಾದವರು ಮಾಡಿದ ದೊಡ್ಡ ಕೆಲಸ ಅಂತ ನನ್ನ ಗಟ್ಟಿ ಅಭಿಪ್ರಾಯ.

ಬೆಲೆ ತೆತ್ತಿಲ್ಲ ಅಂತಲ್ಲ. ಒಳ್ಳೆ ಜಾಗದಲ್ಲಿ ಎಕರೆಗೆ ಲಕ್ಷಗಟ್ಟಲೆ ಡಾಲರ್ ಆಗಿದೆ, ಸಣ್ಣ ರೈತ ಹೊಸದಾಗಿ ಕೊಳ್ಳೋಕೆ ಸಾಧ್ಯನೇ ಇಲ್ಲ, ಮನೆಗಳ ಕೊರತೆ ಎಷ್ಟಿದೆ ಅಂದ್ರೆ ಅಲ್ಲಿ ದುಡಿಯೋರು ವಲೇಹೋ, ಫೇರ್‌ಫೀಲ್ಡ್ ಕಡೆಯಿಂದ ದಿನಾ ಗಾಡಿ ಓಡಿಸ್ಕೊಂಡು ಬರ್ತಾರೆ. 2018ರಲ್ಲಿ ಬೆಟ್ಟದ ಓಕ್ ಮರ ಕಡಿದು ಇನ್ನೂ ದ್ರಾಕ್ಷಿ ಹಾಕೋದನ್ನ ತಡೆಯಬೇಕು ಅಂತ ಇನ್ನೊಂದು ಜನಮತ ಬಂತು, ಕೂದಲೆಳೆ ಅಂತರದಲ್ಲಿ ಸೋಲ್ತು, ವೈನ್ ಮನೆತನಗಳೇ ಅದರಲ್ಲಿ ಎರಡು ಹೋಳು. ಜಮೀನು ಉಳಿಸೋ ಕಾನೂನಿನ ಜೊತೆಗೆ ಬೆಳೆಗೆ ಒಳ್ಳೆ ಬೆಲೆಯೂ ಬಂತು ಅನ್ನೋದನ್ನ ಮರೀಬಾರ್ದು, ಪ್ಯಾರಿಸ್ ಗೆಲುವು ಬಂದಿದ್ದು ಕಾನೂನು ಬಂದ ಎಂಟು ವರ್ಷಕ್ಕೆ. ಬೆಲೆ ಇಲ್ಲದೆ ಬರೀ ನಿರ್ಬಂಧ ಹಾಕಿದ್ರೆ ರೈತನ ಕುತ್ತಿಗೆಗೆ ಬರುತ್ತೆ. ನೀವು ಉಳಿಸ್ಕೊಂಡಿರೋ ಅರ್ಧಕ್ಕೆ ನನ್ನ ನಮಸ್ಕಾರ.

ಪ್ರಶ್ನೆ (ವಿಜಯಪುರದಿಂದ): ನಾವು ಒಣದ್ರಾಕ್ಷಿ ಮಾಡುವವರು. ಕಟಾವಿನ ಟೈಮಿಗೆ ಆಳು ಸಿಗೋದೇ ದೊಡ್ಡ ತಲೆನೋವು. ನಾಪಾದಲ್ಲಿ ಕೊಯ್ಯೋರು ಯಾರು?

ಮೆಕ್ಸಿಕೋದವರು. ಎರಡನೇ ಮಹಾಯುದ್ಧದಲ್ಲಿ ಗಂಡಾಳು ಸಿಗದೆ ಹೋದಾಗ 1942ರಲ್ಲಿ ಎರಡೂ ಸರ್ಕಾರ ಒಪ್ಪಂದ ಮಾಡ್ಕೊಂಡು ಬ್ರಸೇರೋ ಅನ್ನೋ ಯೋಜನೆಯಲ್ಲಿ ಕೂಲಿಗಳನ್ನ ತರಿಸಿದ್ರು, 1964ರವರೆಗೆ ನಡೀತು. ಆಮೇಲೂ ಮಿಚೋಕಾನ್, ಹಲಿಸ್ಕೋ ಸೀಮೆಯ ಹಳ್ಳಿಗಳಿಂದ ಒಬ್ಬರ ಹಿಂದೆ ಒಬ್ಬರು ಬಂದ್ರು, ಹೆಂಡತಿ ಮಕ್ಕಳನ್ನ ಕರೆಸಿಕೊಂಡ್ರು.

ಕಟಾವು ಆಗಸ್ಟ್‌ನಿಂದ ಅಕ್ಟೋಬರ್. ಈಗ ತುಂಬಾ ಕಡೆ ರಾತ್ರಿ ಕೊಯ್ತಾರೆ, ಹಣ್ಣು ತಣ್ಣಗಿದ್ರೆ ವೈನ್ ಚೆನ್ನಾಗಿ ಬರುತ್ತೆ ಅಂತ. ಟ್ರ್ಯಾಕ್ಟರ್ ಮೇಲೆ ದೊಡ್ಡ ಲೈಟು, ಹಣೆಗೊಂದು ದೀಪ, ಕೈಯಲ್ಲಿ ಬಾಗಿದ ಸಣ್ಣ ಕುಡುಗೋಲು, ಬಳ್ಳಿ ಕೆಳಗೆ ಪ್ಲಾಸ್ಟಿಕ್ ಟಬ್. ಎಡಗೈಲಿ ಗೊಂಚಲು ಹಿಡಿದು ಬಲಗೈಲಿ ಒಂದೇ ಎಳೆತ, ಟಬ್ ತುಂಬಿದ ತಕ್ಷಣ ತಲೆ ಮೇಲೆ ಹೊತ್ತು ಓಡ್ತಾ ಹೋಗಿ ಟ್ರೇಲರಿಗೆ ಸುರೀಬೇಕು, ಪಕ್ಕದ ಸಾಲಿನವರಿಗಿಂತ ಹಿಂದೆ ಬೀಳಂಗಿಲ್ಲ. ಜನವರಿ, ಫೆಬ್ರವರಿಯಲ್ಲಿ ಚಾಟನಿ, ಅಂದ್ರೆ ಬಳ್ಳಿ ಸವರೋ ಕೆಲಸ, ಮಾಡೋರೂ ಇವರೇ. ಚಾಟನಿ ಎಷ್ಟು ನಾಜೂಕು ಕೆಲಸ ಅಂತ ನಿಮಗೆ ಹೇಳೋದೇ ಬೇಡ, ಯಾವ ಕಣ್ಣು ಬಿಡಬೇಕು ಯಾವುದು ತೆಗೀಬೇಕು ಅನ್ನೋದ್ರ ಮೇಲೆ ಮುಂದಿನ ವರ್ಷದ ವೈನ್ ನಿಂತಿದೆ.

ಇವರು ಕಾರಲ್ಲಿ, ಸೇತುವೆ ಕೆಳಗೆ, ಹೊಳೆ ದಂಡೆಯಲ್ಲಿ ಮಲಗ್ತಿದ್ದ ಕಾಲ ಇತ್ತು. ಕೊನೆಗೆ ಬೆಳೆಗಾರರೇ ಎಕರೆಗೆ ಇಷ್ಟು ಅಂತ ತಮ್ಮ ಮೇಲೆ ತಾವೇ ವಂತಿಗೆ ಹಾಕ್ಕೊಂಡ್ರು, ಆ ದುಡ್ಡಿನ ನೆರವಲ್ಲಿ ಕೌಂಟಿ ಮೂರು ವಸತಿ ಕೇಂದ್ರ ನಡೆಸುತ್ತೆ, ಒಂದೊಂದರಲ್ಲಿ 60 ಹಾಸಿಗೆ. ಒಳ್ಳೆ ಕೆಲಸ, ಸಾವಿರಾರು ಜನ ದುಡಿಯೋ ಕಡೆ 180 ಹಾಸಿಗೆ ಏನೇನೂ ಸಾಲದು.

ಇವರಲ್ಲಿ ಮಾಲೀಕರಾದವರೂ ಇದ್ದಾರೆ. ಅಮೇಲಿಯಾ ಸೇಹಾ 1967ರಲ್ಲಿ ಹುಡುಗಿಯಾಗಿದ್ದಾಗ ಹಲಿಸ್ಕೋದಿಂದ ಬಂದವರು, ಅಪ್ಪ ಮೊಂಡಾವಿ ತೋಟದಲ್ಲಿ ಕೆಲಸಕ್ಕಿದ್ರು, ಈಕೆಯೂ ಕೊಯ್ಯೋಕೆ ಹೋಗ್ತಿದ್ರು, ಮುಂದೆ ಮದುವೆಯಾದ ಪೇದ್ರೋನ ಪರಿಚಯ ಆಗಿದ್ದೂ ಆ ಸಾಲುಗಳ ನಡುವೆಯೇ. 1983ರಲ್ಲಿ ಮನೆಯವರೆಲ್ಲ ದುಡ್ಡು ಕೂಡಿಸಿ ಕಾರ್ನೇರೋಸ್‌ನಲ್ಲಿ 15 ಎಕರೆ ತಗೊಂಡ್ರು, 1999ರಲ್ಲಿ ವೈನರಿ. ಕಣಿವೆಯ ಮನೆತನಗಳು ಅಂತ ಪಟ್ಟಿ ಮಾಡುವಾಗ ನಾನು ಈ ಮನೆಯನ್ನ ಕ್ರುಗ್, ಬೆರಿಂಜರ್ ಪಕ್ಕಕ್ಕೇ ಬರೀತೀನಿ.

ಪ್ರಶ್ನೆ (ಸನ್ನಿವೇಲ್‌ನಿಂದ): ಅಪ್ಪ ಅಮ್ಮ ಬರ್ತಿದ್ದಾರೆ, ವೈನ್ ಮುಟ್ಟಲ್ಲ. ಕರ್ಕೊಂಡು ಹೋದ್ರೆ ಬೋರ್ ಆಗುತ್ತಾ?

ಆಗಲ್ಲಮ್ಮ, ಧಾರಾಳವಾಗಿ ಕರ್ಕೊಂಡು ಹೋಗು. ಸೇಂಟ್ ಹೆಲೆನಾ ದಾಟಿ ಬೇಲ್ ಗಿರಣಿ ಇದೆ, ಮೇಲೆ ಬಂದ ಡಾಕ್ಟ್ರು ಬೇಲ್ 1846ರಲ್ಲಿ ಕಟ್ಟಿಸಿದ್ದು, ಮೂರಾಳೆತ್ತರ ಮೀರಿದ ನೀರಿನ ಚಕ್ರ, ಈಗ ಸರ್ಕಾರಿ ಪಾರ್ಕು. ವಾರಾಂತ್ಯದಲ್ಲಿ ಹೋದ್ರೆ ಬೀಸೋದನ್ನೂ ತೋರಿಸ್ತಾರೆ, ಹೊರಡೋ ಮುಂಚೆ ಟೈಮಿಂಗ್ ಒಮ್ಮೆ ನೋಡ್ಕೋ. ಬೀಸೋ ಕಲ್ಲು ಕಂಡ್ರೆ ಅಮ್ಮಂದಿರಿಗೆ ಮಾತು ತಾನಾಗೇ ಬರುತ್ತೆ. ಕ್ಯಾಲಿಸ್ಟೋಗಾದಲ್ಲಿ ಶಾರ್ಪ್‌ಸ್ಟೀನ್ ಮ್ಯೂಸಿಯಂ ಇದೆ, ಹಳೇ ಊರಿನ ಮಾದರಿ ಮಾಡಿಟ್ಟಿದ್ದಾರೆ. ಯೌಂಟ್‌ವಿಲ್‌ನಲ್ಲಿ ಯೌಂಟ್ ಹೆಸರಿನ ಹಳೇ ಸ್ಮಶಾನ, ವಾಪ್ಪೊ ಜನರ ಸಮಾಧಿಗಳೂ ಅಲ್ಲೇ. ಹೋಗುವಾಗ ಮೇನ್ ರೋಡು ಬಿಟ್ಟು ಪೂರ್ವದ ಕಡೆಯ ಸಿಲ್ವರಾಡೋ ಟ್ರೇಲ್ ಹಿಡಿ, ಟ್ರಾಫಿಕ್ ಕಡಿಮೆ. 2020ರ ಗ್ಲಾಸ್ ಫೈರ್ ಅನ್ನೋ ಕಾಡ್ಗಿಚ್ಚಿನಲ್ಲಿ ಸುಟ್ಟ ಬೆಟ್ಟಗಳೂ ಆ ರಸ್ತೆಯಲ್ಲಿ ಸಿಗ್ತವೆ, ಆ ವರ್ಷ ಎಷ್ಟೋ ಮನೆಯವರು ಹೊಗೆ ಹಿಡಿದ ಹಣ್ಣು ಅಂತ ಕೆಂಪು ವೈನ್ ಮಾಡಲೇ ಇಲ್ಲ. ಊಟ ಮನೆಯಿಂದ ಕಟ್ಕೊಂಡೇ ಹೋಗು, ಅಲ್ಲಿ ಹೋಟೆಲ್ ದುಬಾರಿ. ಟೇಸ್ಟಿಂಗ್ ರೂಮಿನ ಟೇಬಲ್ ಮೇಲೆ ಮಾತ್ರ ಬುತ್ತಿ ಬಿಚ್ಚಬೇಡ, ಬಹಳ ಕಡೆ ಬಿಡಲ್ಲ, ಗಿರಣಿ ಪಾರ್ಕಿನಲ್ಲಿ ಮರದ ನೆರಳು ಬೇಕಾದಷ್ಟಿದೆ.